ಯಲಹಂಕದ ಮಳೆಯಲ್ಲಿ ಅವರೆ ಸಾಲು ಉಳಿದ ಕಥೆ

2021ರ ನವೆಂಬರ್ 21, ಭಾನುವಾರ ರಾತ್ರಿ. ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿತು. ಮರುದಿನ ಅಲ್ಲಿಯವರನ್ನು ದೋಣಿಯಲ್ಲಿ ಹೊರತರಬೇಕಾಯಿತು. ನಮ್ಮ ಮನೆ ಎತ್ತರದಲ್ಲಿತ್ತು, ನಮ್ಮ ಜೀವಕ್ಕೆ ಭಯವಿರಲಿಲ್ಲ. ಆದರೆ ಹಿತ್ತಿಲಲ್ಲಿ ಟೊಮೆಟೊ, ಬದನೆ, ಆಗಷ್ಟೇ ಹೂಬಿಟ್ಟಿದ್ದ ಅವರೆ ನೀರಲ್ಲಿ ನಿಂತಿದ್ದವು.

ಗುದ್ದಲಿ ಹಿಡಿದು ಇಳಿದೆ. ಬೇರಿಗೂ ಉಸಿರು ಬೇಕು. ನೀರು ನಿಂತರೆ ಮಣ್ಣಿನೊಳಗಿನ ಗಾಳಿ ಮುಗಿಯುತ್ತದೆ, ಬೇರು ಕೊಳೆಯುತ್ತದೆ. ಕಾಂಪೌಂಡಿನ ತೂತಿನವರೆಗೆ ಕಾಲುವೆ ತೋಡಬೇಕು, ಬೆಳಗಾಗುವ ಮೊದಲೇ! ತೋಡಿದಷ್ಟೂ ಕೆಸರು ಕುಸಿದು ತುಂಬಿಕೊಂಡಿತು. ಅಮ್ಮ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಸಾಕು ಬಾರೋ, ಜ್ವರ ಬರತ್ತೆ!”

“ಇನ್ನೊಂದು ಗೇಣು, ಅಮ್ಮಾ!”

ಕೊನೆಯ ಹೆಂಟೆ ಎತ್ತಿದೆ. ನೀರು ಗುಳುಗುಳು ಎಂದು ಹೊರಟಿತು!

ಗೆದ್ದೆವು ಎನ್ನುವಷ್ಟರಲ್ಲಿ ಮುಂದಿನ ದಾಳಿ. ಕತ್ತಲಾದರೆ ಸಾಕು, ಬಸವನಹುಳುಗಳು ಗೋಡೆ ಇಳಿದು ಬರುತ್ತಿದ್ದವು. ಮುಷ್ಟಿ ಗಾತ್ರದ ಆಫ್ರಿಕದ ಜಾತಿ. 1847ರಲ್ಲಿ ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟದ್ದು ಇಂದು ನಮ್ಮ ಹಿತ್ತಿಲವರೆಗೂ ಹಬ್ಬಿದೆ. ಮಿದುಳಿಗೆ ಕುತ್ತು ತರಬಲ್ಲ ಜಂತು ಅದರ ಮೈಯಲ್ಲಿರಬಹುದು, ಬರಿಗೈಯಲ್ಲಿ ಮುಟ್ಟುವಂತಿಲ್ಲ. ಒದ್ದೆ ಗೋಣಿಚೀಲದಡಿ ಪರಂಗಿ ಎಲೆ ಹರಡಿ ಕಾದೆವು. ಗ್ಲೌಸ್ ತೊಟ್ಟು ಗೋಣಿ ಎತ್ತಿದರೆ ಹಿಂಡು ಹಿಂಡು! ಎಲ್ಲವನ್ನೂ ಉಪ್ಪುನೀರಿನ ಬಕೆಟ್ಟಿಗೆ ಹಾಕಿದೆವು.

ಅಷ್ಟರಲ್ಲಿ ಟೊಮೆಟೊಗೆ ಅಂಗಮಾರಿ. ಸುಟ್ಟಂತಾದ ಎಲೆಗಳನ್ನೆಲ್ಲ ಕಿತ್ತೆ, ಕೋಲು ಕಟ್ಟಿ ಗಿಡ ಎತ್ತಿದೆ, ನಡುವೆ ಗಾಳಿ ಆಡುವಂತೆ ಮಾಡಿದೆ. ಆದರೂ ಅರ್ಧ ಸಾಲು ಹೋಯಿತು.

ಮೋಡ ಸರಿದು ಬಿಸಿಲು ಬಂತು. ಬಿಸಿಲಿನ ಹಿಂದೆಯೇ ಗಿಡಹೇನು! ಅವರೆಯ ಸುಳಿ, ಹೂಗೊಂಚಲು, ಎಳೆಕಾಯಿಗೆಲ್ಲ ಕಪ್ಪಗೆ ಮೆತ್ತಿಕೊಂಡವು, ಮೇಲೆ ಇರುವೆಗಳ ಕಾವಲು. ಇವತ್ತು ಬಿಟ್ಟರೆ ನಾಳೆ ಹೂವೇ ಇರುವುದಿಲ್ಲ. ಪಕ್ಕದ ಮನೆಯ ಅಂಕಲ್ ವಿಷದ ಬಾಟಲಿ ಕೊಟ್ಟರು: “ಹೊಡೆದುಬಿಡಪ್ಪ, ಯೋಚನೆ ಮಾಡಬೇಡ.”

ಮುಚ್ಚಳ ತಿರುಗಿಸುತ್ತ ಎಲೆ ಮಗುಚಿದೆ. ಕೈ ನಿಂತಿತು. ಹೇನುಗಳ ನಡುವೆ ಕಪ್ಪು-ಕಿತ್ತಳೆ ಬಣ್ಣದ, ಮುಳ್ಳುಮೈಯ ಮರಿಯೊಂದು ಒಂದರ ನಂತರ ಒಂದು ಹೇನನ್ನು ತಿನ್ನುತ್ತಿತ್ತು. ಗುಲಗಂಜಿ ಹುಳುವಿನ ಮರಿ! ಬೆಳೆಯುವಷ್ಟರಲ್ಲಿ ನೂರಾರು ಹೇನು ತಿನ್ನುವ ನಮ್ಮ ಸೈನಿಕ. ವಿಷ ಬಿದ್ದರೆ ಇದೂ ಸಾಯುತ್ತದೆ. ಗಂಡಿನ ಹಂಗಿಲ್ಲದೆ ಮರಿ ಹಾಕುವ ಹೇನು ಮಾತ್ರ ಕೆಲವೇ ದಿನಗಳಲ್ಲಿ ಮರಳಿ ತುಂಬಿಕೊಳ್ಳುತ್ತದೆ. ಕೀಟಕ್ಕೆ ಕೀಟವೇ ಮದ್ದಾದದ್ದು ನೆನಪಾಯಿತು: ಪರಂಗಿ ತೋಟಗಳನ್ನು ಹಿಟ್ಟುತಿಗಣೆ ನುಂಗುತ್ತಿದ್ದಾಗ, ಇಲ್ಲೇ ಹೆಬ್ಬಾಳದ ಕೀಟ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಪುಟ್ಟ ಕಣಜವೇ ಅದನ್ನು ಬಗ್ಗುಬಡಿದಿತ್ತು.

ಬಾಟಲಿ ಹಿಂದಿರುಗಿಸಿದೆ. ಮರಿಗಳಿದ್ದ ಎಲೆ ಮುಟ್ಟದೆ, ಹೇನು ಕಿಕ್ಕಿರಿದ ಸುಳಿಗಳನ್ನಷ್ಟೇ ಚಿವುಟಿ ಸೋಪುನೀರಿಗೆ ಹಾಕಿದೆ. ದಿನಾ ಬೆಳಿಗ್ಗೆ ಎದೆ ಡವಡವ: ಉಳಿದಿದೆಯೋ, ಹೋಯಿತೋ? ಗುಲಗಂಜಿ ಹೆಚ್ಚಿತು, ಹೇನು ಇಳಿಯಿತು, ಕಾಯಿ ಕಚ್ಚಿತು. ಜನವರಿಯಲ್ಲಿ ಸೊಗಡವರೆ ಬಿಡಿಸಿ ಸಾರು ಮಾಡಿದೆವು, ಅಂಕಲ್ ಮನೆಗೂ ಕೊಟ್ಟೆವು.

ಮಳೆ ಮತ್ತೆ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಅದೇ ಕೇಂದ್ರೀಯ ವಿಹಾರಕ್ಕೆ ಮತ್ತೆ ನೀರು ನುಗ್ಗಿತು. ಹಿತ್ತಿಲು ಇರುವವರೆಲ್ಲ ಮುಂಚೆಯೇ ಮಡಿ ಏರಿಸಿ, ನೀರಿಗೆ ದಾರಿ ಬಿಡಿ. ವಿಷ ಹೊಡೆಯುವ ಮೊದಲು ಒಮ್ಮೆ ಎಲೆ ಮಗುಚಿ ನೋಡಿ. ನಿಮ್ಮ ಪರವಾಗಿ ಅಲ್ಲಿ ಆಗಲೇ ಯಾರೋ ಹೋರಾಡುತ್ತಿರಬಹುದು.