ನಾಲ್ಕೇ ರೊಟ್ಟಿ ಇರುವ ಬುಟ್ಟಿ

ಗಲಿಲಾಯ ಸಮುದ್ರ ಅಂತ ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳಿ ಕೇಳಿ, ಮಂಗಳೂರಿನ ಕಡಲಿನಂಥದ್ದೇ ಏನೋ ಅಂದುಕೊಂಡಿದ್ದೆ. 2019ರ ಮಾರ್ಚ್‌ನಲ್ಲಿ ಅಮ್ಮನ ಜೊತೆ ಅಲ್ಲಿ ಇಳಿದಾಗಲೇ ಗೊತ್ತಾಗಿದ್ದು, ಅದೊಂದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ. ದಡದ ಗುಡ್ಡಗಳೆಲ್ಲ ಹಸಿರಾಗಿದ್ದವು. ‘ನಮ್ಮ ಕೆರೆ ಏರಿ ಮೇಲೆ ನಿಂತ ಹಾಗೇ ಇದೆ ಕಣೇ’ ಅಂದಳು ಅಮ್ಮ.

ಅಮ್ಮ ಕನಕಪುರ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ವರ್ಷಗಟ್ಟಲೆ ಚೀಟಿ ಕಟ್ಟಿ ಕೂಡಿಟ್ಟ ದುಡ್ಡಿಗೆ ನಾನೂ ಒಂದಿಷ್ಟು ಸೇರಿಸಿ, ಚರ್ಚಿನ ಗುಂಪಿನ ಜೊತೆ ಈ ಯಾತ್ರೆಗೆ ಬಂದಿದ್ದೆವು. ಆದರೆ ನನ್ನ ತಲೆಯೆಲ್ಲ ಊರಲ್ಲೇ ಇತ್ತು. ಹೊರಡುವ ಹಿಂದಿನ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತಂಗಿ ಸೆಕೆಂಡ್ ಪಿಯುಸಿ ಪರೀಕ್ಷೆ ಬರೆಯುತ್ತಿದ್ದಳು, ನರ್ಸಿಂಗ್ ಓದಬೇಕು ಅಂತ ಹಟ. ‘ನಿನ್ ಕೈಲಿ ಏನಾದ್ರೂ ಆಗುತ್ತಾ ಮಗಳೇ?’ ಅಂತ ಕೇಳಿದ್ದರು. ಬಾಡಿಗೆ, ಪರ್ಸನಲ್ ಲೋನ್ ಕಳೆದು ನನ್ನ ಸಂಬಳದಲ್ಲಿ ಉಳಿಯುವುದು ಆ ಫೀಸಿನ ಕಾಲು ಭಾಗಕ್ಕೂ ಸಾಲದು. ‘ನೋಡೋಣ ಚಿಕ್ಕಮ್ಮ’ ಅಂದು ಫೋನ್ ಇಟ್ಟಿದ್ದೆ. ನಮ್ಮ ಮನೆಗಳಲ್ಲಿ ‘ನೋಡೋಣ’ ಅಂದರೆ ಏನರ್ಥ ಅಂತ ನಿಮಗೂ ಗೊತ್ತು.

ತಿಬೇರಿಯದಿಂದ ಸರೋವರದ ದಡ ಹಿಡಿದು ಉತ್ತರಕ್ಕೆ ಹೋದರೆ ಸಿಗುವುದೇ ತಬ್ಘಾ. ಗ್ರೀಕ್ ಭಾಷೆಯಲ್ಲಿ ಹೆಪ್ಟಾಪೆಗಾನ್, ಅಂದರೆ ಏಳು ಚಿಲುಮೆಗಳ ಜಾಗ. ಅದೇ ಹೆಸರು ಅರಬ್ಬರ ಬಾಯಲ್ಲಿ ಸವೆದು ತಬ್ಘಾ ಆಗಿದೆ. ಯೇಸು ಐದು ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಜನಕ್ಕೆ ಉಣಬಡಿಸಿದ್ದು ಇಲ್ಲೇ ಅಂತ ಯಾತ್ರಿಕರು ಬಹಳ ಹಿಂದಿನಿಂದ ನಂಬಿಕೊಂಡು ಬಂದಿದ್ದಾರೆ. ಲೂಕನ ಸುವಾರ್ತೆ ಮಾತ್ರ ಬೆತ್ಸಾಯಿದದ ಹೆಸರು ಹೇಳುತ್ತದೆ. ನಾಲ್ಕನೇ ಶತಮಾನದ ಹೊತ್ತಿಗಾಗಲೇ ಇಲ್ಲಿ ಪುಟ್ಟ ಗುಡಿಯಿತ್ತು. ಐದನೇ ಶತಮಾನದಲ್ಲಿ ದೊಡ್ಡ ಚರ್ಚ್ ಎದ್ದಿತು, ಆಮೇಲೆ ಹಾಳಾಗಿ ಶತಮಾನಗಟ್ಟಲೆ ಮಣ್ಣಡಿ ಮಲಗಿತು. 1932ರ ಉತ್ಖನನದಲ್ಲಿ ಅದರ ನೆಲದ ಮೊಸಾಯಿಕ್ ಹೊರಬಂತು. ಈಗಿನ ಚರ್ಚ್ 1982ರದು, ಬೆನೆಡಿಕ್ಟೈನ್ ಸನ್ಯಾಸಿಗಳು ನೋಡಿಕೊಳ್ಳುತ್ತಾರೆ. 2015ರಲ್ಲಿ ಕಿಡಿಗೇಡಿಗಳು ಬೆಂಕಿ ಹಚ್ಚಿದ್ದರಿಂದ ಒಂದು ಭಾಗ ಸುಟ್ಟುಹೋಗಿ, ದುರಸ್ತಿಯಾಗಿ 2017ರಲ್ಲಿ ಮತ್ತೆ ತೆರೆಯಿತು.

ಒಳಗೆ ಹೋದರೆ ಆಡಂಬರವೇ ಇಲ್ಲ. ಬಲಿಪೀಠದ ಅಡಿಯಲ್ಲಿ ಒಂದು ಒರಟು ಬಂಡೆ. ಯೇಸು ರೊಟ್ಟಿ ಇಟ್ಟಿದ್ದು ಇದರ ಮೇಲೇ ಅನ್ನುವುದು ನಂಬಿಕೆ. ಅದರ ಹತ್ತಿರವೇ ನೆಲದಲ್ಲಿ ಆ ಪ್ರಸಿದ್ಧ ಚಿತ್ರ: ಒಂದು ಬುಟ್ಟಿ, ಅದರಲ್ಲಿ ಶಿಲುಬೆ ಗುರುತಿನ ರೊಟ್ಟಿಗಳು, ಆಚೆ ಈಚೆ ಒಂದೊಂದು ಮೀನು. ಫೋಟೊದಲ್ಲಿ ನೂರು ಸಲ ನೋಡಿದ್ದೆ. ಆದರೆ ಅಮ್ಮ ಬಗ್ಗಿ ಎಣಿಸಿಬಿಟ್ಟಳು.

‘ಇದ್ಯಾಕೆ ನಾಲ್ಕೇ ಇದೆ? ಐದು ಅಲ್ವಾ?’

ನಮ್ಮ ಜೊತೆಗಿದ್ದ ಫಾದರ್ ನಕ್ಕರು. ‘ಐದನೆಯದು ಬಲಿಪೀಠದ ಮೇಲಿದೆ ಅಂತ ಹೇಳ್ತಾರೆ ಕಣಮ್ಮ. ಪೂಜೆಯಲ್ಲಿ ಎತ್ತುವ ರೊಟ್ಟಿ.’

ಅಮ್ಮ ಸುಮ್ಮನಾಗಲಿಲ್ಲ. ಹೊರಗೆ ಅಂಗಳದ ಮೀನುಕೊಳದ ಹತ್ತಿರ ಕೂತು ಲೆಕ್ಕ ಶುರುಮಾಡಿದಳು. ‘ನಮ್ ಸ್ಕೂಲಲ್ಲಿ ಆರನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ತಲೆಗೆ 150 ಗ್ರಾಂ ಅಕ್ಕಿ. ಅದೇ ಲೆಕ್ಕದಲ್ಲಿ ಐದು ಸಾವಿರ ಜನಕ್ಕೆ ಏಳೂವರೆ ಕ್ವಿಂಟಲ್ ಬೇಕು. ಅದೂ ಗಂಡಸರು ಮಾತ್ರ. ಹೆಂಗಸರು, ಮಕ್ಕಳನ್ನ ಲೆಕ್ಕಕ್ಕೇ ಹಿಡಿದಿಲ್ಲ.’

ಅವತ್ತು ಫಿಲಿಪ್ಪನೂ ಇದೇ ಲೆಕ್ಕ ಹಾಕಿದ್ದ. ಇನ್ನೂರು ದಿನಾರಿಯ ರೊಟ್ಟಿ ತಂದರೂ ತಲೆಗೊಂದು ಚೂರೂ ಸಾಲದು ಅಂದಿದ್ದ. ಒಂದು ದಿನಾರಿ ಅಂದರೆ ಕೂಲಿಯಾಳಿನ ಒಂದು ದಿನದ ದುಡಿಮೆ. ಅವನ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಅಂದ್ರೆಯ ಒಬ್ಬ ಹುಡುಗನನ್ನು ತೋರಿಸಿದ, ತೋರಿಸಿ ಇದು ಎಲ್ಲಿಗೆ ಸಾಕಾದೀತು ಅಂತ ತಾನೇ ಕೇಳಿದ. ಆ ಹುಡುಗನ ಹತ್ತಿರ ಇದ್ದದ್ದು ಜವೆಗೋಧಿ ರೊಟ್ಟಿ, ಆಗಿನ ಬಡವರ ಊಟ. ನಮ್ಮ ಕಡೆ ಒಂದು ಕಾಲದಲ್ಲಿ ಹಬ್ಬಕ್ಕೆ ಅನ್ನ, ದಿನಾ ಮುದ್ದೆ ಇದ್ದ ಹಾಗೆ. ಯೋಹಾನ ಬಳಸುವ ಗ್ರೀಕ್ ಪದಕ್ಕೆ ರೊಟ್ಟಿ ಜೊತೆ ನಂಚಿಕೊಳ್ಳುವ ಸಣ್ಣ ಮೀನು ಅನ್ನುವ ಅರ್ಥವಿದೆ ಅಂತ ಫಾದರ್ ಹೇಳಿದರು.

‘ಅಂದ್ರೆ ಒಂದು ಮಗುವಿನ ಬುತ್ತಿ’ ಅಂದಳು ಅಮ್ಮ. ‘ಬೆಳಗ್ಗೆ ಎದ್ದು ಯಾರೋ ತಾಯಿ ಕಟ್ಟಿಕೊಟ್ಟಿರ್ತಾಳೆ. ಅವಳೇನು ಊರಿಗೆಲ್ಲ ಅಂತ ಕಟ್ಟಿದ್ಲಾ?’

ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಮ್ಮನೇ ಕೇಳಿದಳು: ‘ಚಿಕ್ಕಮ್ಮಂಗೆ ಏನು ಹೇಳಿದೆ?’

‘ನೋಡೋಣ ಅಂದೆ. ನನ್ನ ಹತ್ರ ಅಷ್ಟು ಎಲ್ಲಿದೆ ಅಮ್ಮ?’

‘ಅಷ್ಟು ಕೊಡು ಅಂತ ಯಾರು ಕೇಳಿದ್ರು? ಆ ಹುಡುಗ ಐದು ಸಾವಿರ ಜನಕ್ಕೆ ಊಟ ಹಾಕ್ತೀನಿ ಅಂದ್ನಾ? ಇದ್ದಿದ್ದನ್ನ ಕೊಟ್ಟ. ಉಳಿದಿದ್ದು ಅವನ ಪಾಡಲ್ಲ, ಯೇಸು ಪಾಡು.’

ನನ್ನ ಕಷ್ಟ ಎಲ್ಲಿದೆ ಅಂತ ಆಗ ತಿಳಿಯಿತು. ದುಡ್ಡು ಕಡಿಮೆ ಇದ್ದದ್ದಕ್ಕಿಂತ, ಕಡಿಮೆ ಇದೆ ಅಂತ ಹೇಳಿಕೊಳ್ಳೋಕೆ ನಾಚಿಕೆ ಹೆಚ್ಚಿತ್ತು. ಬೆಂಗಳೂರಲ್ಲಿ ಕೆಲಸ, ಕೈಯಲ್ಲಿ ಒಳ್ಳೆ ಫೋನು; ಇಷ್ಟೇ ಕೊಡೋಕಾಗೋದು ಅನ್ನೋದು ಹೇಗೆ? ಪೂರ್ತಿ ಕೊಡೋಕಾಗಲ್ಲ ಅಂತ ಏನೂ ಕೊಡದೇ ಇರೋದು ಸುಲಭ. ಅದಕ್ಕೆ ‘ಪ್ರ್ಯಾಕ್ಟಿಕಲ್’ ಅಂತ ಹೆಸರು ಬೇರೆ.

ರಾತ್ರಿ ಹೋಟೆಲಿನ ವೈಫೈನಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿ, ತಿಂಗಳಿಗೆ ನನ್ನಿಂದ ಇಷ್ಟಾಗುತ್ತೆ ಅಂತ ಮೊತ್ತ ಹೇಳಿದೆ. ಚಿಕ್ಕದು ಅಂತಲೂ ಹೇಳಿದೆ. ಅವರು ಅತ್ತರು. ‘ಒಬ್ರು ಅಂತ ಶುರುವಾದ್ರೆ ಸಾಕು’ ಅಂದರು.

ಹಣ ನೂರ್ಪಟ್ಟಾಗಿ ತಿರುಗಿ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನ ಲೋನು ನಾನೇ ತೀರಿಸಿದೆ. ಆದರೆ ನಾನು ಶುರುಮಾಡಿದ್ದು ಕೇಳಿ ಸೋದರಮಾವ ಒಂದು ಪಾಲು ಹಾಕಿದರು. ಚರ್ಚಿನವರು ಮೊದಲ ವರ್ಷದ ಪುಸ್ತಕ, ಯೂನಿಫಾರ್ಮ್ ಕೊಡಿಸಿದರು. ಚಿಕ್ಕಮ್ಮ ಡೇರಿಗೆ ಹಾಲು ಹಾಕಿದ ದುಡ್ಡು ಹಾಸ್ಟೆಲಿಗೆ ಹೋಯಿತು. ಉಳಿದದ್ದಕ್ಕೆ ಬ್ಯಾಂಕ್ ಸಾಲ. ಎರಡು ಸಲ ಫೀಸು ತಡವಾಯಿತು, ಕಣ್ಣೀರೂ ಆಯಿತು. ಆದರೂ ನಾಲ್ಕು ವರ್ಷ ನಿಲ್ಲಲಿಲ್ಲ. ತಂಗಿ ಈಗ ಮೈಸೂರಿನಲ್ಲಿ ನರ್ಸ್. ಈ ಬುಟ್ಟಿಗಳನ್ನೆಲ್ಲ ಒಂದೆಡೆ ಸೇರಿಸಿದ್ದು ಯಾರು ಅಂತ ನನಗೆ ಅನುಮಾನವಿಲ್ಲ.

ಯೇಸುವಿನ ಪುನರುತ್ಥಾನ ಬಿಟ್ಟರೆ ನಾಲ್ಕೂ ಸುವಾರ್ತೆಗಳಲ್ಲಿ ಬರುವ ಅದ್ಭುತ ಇದೊಂದೇ. ಅಮ್ಮನಿಗೆ ಅದರಲ್ಲಿ ಬಹಳ ಹಿಡಿಸಿದ್ದು ಕೊನೆಯ ಭಾಗ. ಎಲ್ಲರೂ ಉಂಡ ಮೇಲೆ ಯೇಸು, ಏನೂ ಹಾಳಾಗದಂತೆ ಉಳಿದ ಚೂರುಗಳನ್ನು ಕೂಡಿಸಿ ಅಂತ ಹೇಳುತ್ತಾನೆ. ಹನ್ನೆರಡು ಬುಟ್ಟಿ ತುಂಬುತ್ತದೆ. ‘ಅಡುಗೆಮನೆ ಗೊತ್ತಿರೋನ ಮಾತು ಅದು’ ಅನ್ನುತ್ತಾಳೆ.

ಈಗಲೂ ತಿಂಗಳ ಕೊನೆಗೆ ಯಾರಾದರೂ ಸಹಾಯ ಕೇಳಿದರೆ ‘ನೋಡೋಣ’ ಅನ್ನುವುದು ಬಾಯಿಗೆ ಬರುತ್ತದೆ. ಆಗ ಫೋನ್ ತೆಗೆದು ಆ ಮೊಸಾಯಿಕ್‌ನ ಫೋಟೊ ನೋಡುತ್ತೇನೆ. ಬುಟ್ಟಿಯಲ್ಲಿ ನಾಲ್ಕೇ ಇವೆ. ಆಮೇಲೆ, ಎಷ್ಟು ಕೊಡೋಕಾಗುತ್ತೋ ಅಷ್ಟನ್ನು ಬಾಯಿಬಿಟ್ಟು ಹೇಳುತ್ತೇನೆ.