ರಾಣಿ ಮೊದಲೋ, ಬಿಳಿ ಮೊದಲೋ

ಅಂಕ: ಕಾಕಾ 22, ನೀವು 17. ಗಜೇಂದ್ರಗಡದ ಓಣಿಯ ಕಟ್ಟೆ, ಬೇಸಿಗೆಯ ರಾತ್ರಿ. ಕೇರಂ ಬೋರ್ಡಿನ ಸುತ್ತ ಕುಂತವರಿಗಿಂತ ನಿಂತವರೇ ಹೆಚ್ಚು. ನೆತ್ತಿಯ ಮೇಲೆ ತೂಗುಬಿಟ್ಟ ಬಲ್ಬು, ಪಕ್ಕದ ಮನೆಯಿಂದ ಮಗ್ಗದ ಸದ್ದು, ಪೇಪರಿನಲ್ಲಿ ಅರ್ಧ ಉಳಿದ ಗಿರ್ಮಿಟ್. ಎದುರಿಗೆ ಕುಂತ ಕಾಕಾ ನರಗುಂದದವರು, ಬೀಗರ ಮನೆಗೆ ಬಂದವರು. ಸ್ಟ್ರೈಕರನ್ನು ಧೋತರದ ಅಂಚಿಗೆ ಒರೆಸಿ ನಿಮ್ಮತ್ತ ಸರಿಸುತ್ತಾರೆ.

"ಹೊಡಿ ತಮ್ಮಾ. ಲೆಕ್ಕಾ ಎಷ್ಟ ಮಾಡ್ತಿ?"

ಲೆಕ್ಕ ಮಾಡದೆ ಗತಿಯಿಲ್ಲ. ನಿಮ್ಮ ಬಿಳಿ ಕಾಯಿ ಮೂರು ಉಳಿದಿವೆ, ಅವರ ಕರಿ ಆರು. 25 ಮುಟ್ಟಿದವರು ಗೆದ್ದಂತೆ. ಎದುರಾಳಿಯ ಎಷ್ಟು ಕಾಯಿ ಉಳಿದವೋ ಅಷ್ಟು ಅಂಕ, ರಾಣಿ ನಿಮ್ಮದಾದರೆ ಇನ್ನೂ ಮೂರು. ಈಗ ಮುಗಿಸಿದರೆ ಆರಕ್ಕೆ ಮೂರು ಸೇರಿ ಒಂಬತ್ತು, ಆಟ ನಿಮ್ಮದು. ಕಾಕಾಗೆ ರಾಣಿಯಿಂದ ಚಿಕ್ಕಾಸಿನ ಲಾಭವಿಲ್ಲ. 22 ಮುಟ್ಟಿದವನಿಗೆ ಅದರ ಅಂಕ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ನಿಮ್ಮ ಮೂರೂ ಬಿಳಿ ಬೋರ್ಡಿನ ಮೇಲೇ ಉಳಿಯುವುದು. ಒಂದು ಹೋದರೂ ಅವರು ಈ ಸಲ 24ಕ್ಕೇ ನಿಲ್ಲಬೇಕು. (ಹೀಗೆ ಒಂದಂಕಕ್ಕೆ ನಿಲ್ಲಿಸುವುದು ಈ ಆಟದ ಹಳೇ ಕಿತಾಪತಿ. ಎದುರಾಳಿಯ ಒಂಬತ್ತೂ ಕಾಯಿ ಉಳಿಸಿ, ರಾಣಿಯನ್ನೂ ಪಡೆದು ಎರಡು ಬೋರ್ಡ್ ಗೆದ್ದರೂ ಆಗುವುದು 24.)

ಬಲಗಡೆಯ ಪಾಕೆಟ್ಟಿನ ಬಾಯಲ್ಲಿ ಒಂದು ಬಿಳಿ ಕುಂತಿದೆ. ಊದಿದರೆ ಬೀಳುತ್ತದೆ. ಅದನ್ನು ಕೆಡವಿದರೆ ಕಾಕಾಗೆ ಬೀಗ ಬಿತ್ತು. ಆದರೆ ರಾಣಿಗೆ ಕವರ್ ಅಂತ, ಅದರ ಬೆನ್ನಿಗೇ ಕೆಡವಲು, ಇರುವುದೂ ಅದೊಂದೇ. ಇನ್ನೆರಡು ಕರಿಗಳ ಹಿಂದೆ ಅಡಗಿವೆ.

"ರಾಣಿ ಹೊಡಿಯಲೇ!" ಅಂತಾನೆ ಹಿಂದಿನಿಂದ ಒಬ್ಬ. "ಬಿಳಿ ತಗೋ ಮೊದಲ" ಅಂತಾರೆ ರೋಣದ ಮಾಮಾ. ಬೆಂಗಳೂರಿನಿಂದ ರಜೆಗೆ ಬಂದ ಹುಡುಗನದು ಬೇರೆಯೇ ಪುರಾಣ: ಸ್ಟರ್ನ್ ಕಂಪನಿ 2012ರಲ್ಲಿ ತಂದ ಎಸಿ/ಡಿಸಿ ಪಿನ್‌ಬಾಲ್ ಯಂತ್ರದಲ್ಲಿ ಚೆಂಡು ಬಿಡುವ ಮೊದಲೇ ರಾಕ್ ಹಾಡು ಆರಿಸಿಕೊಳ್ಳಬೇಕಂತೆ, ಅಂಕದ ದಾರಿಯೂ ಹಾಡಿನ ಮೇಲೇ ಅಂತೆ. ಪ್ರೋ ಮಾಡೆಲ್ ಚಲೋನೋ, ಗಾಜಿನ ಕೆಳಗೆ ಇನ್ನೊಂದು ಪುಟ್ಟ ಅಂಗಳ ಇರುವ ಪ್ರೀಮಿಯಂ ಚಲೋನೋ ಅಂತ ಅಲ್ಲೂ ಜಗಳ.

ಇಲ್ಲಿಯ ಜಗಳ ಆಟಕ್ಕೆ ಮೊದಲೇ ಮುಗಿದಿದೆ. ಕಾಕಾಗೆ 12 ಎಂಎಂ ದಪ್ಪದ ಬೋರ್ಡು ಬೇಕಿತ್ತು. ಓಣಿಯವರು ಹೊರತಂದದ್ದು 16 ಎಂಎಂದು, ಅಗಲ ಫ್ರೇಮಿನದು, ಇಬ್ಬರು ಹೊರುವಷ್ಟು ಭಾರದ್ದು. ನಿಮ್ಮ ಮನೆಯಲ್ಲಿರುವುದು 8 ಎಂಎಂದು, ಸ್ಟ್ರೈಕರ್ ಫ್ರೇಮಿಗೆ ಬಡಿದು ಅಲ್ಲೇ ಸುಸ್ತಾಗುವಂಥದ್ದು. ಕೈ ಇನ್ನೂ ಆ ಬೋರ್ಡಿನದೇ.

ಬೋರಿಕ್ ಪೌಡರ್ ಚಿಟಿಕೆ ಉದುರಿಸುತ್ತೀರಿ. ಸ್ಟ್ರೈಕರನ್ನು ಎರಡು ಗೆರೆಗೂ ತಾಗಿಸಿ ಇಡುತ್ತೀರಿ. ತೋರುಬೆರಳು ಉಗುರಿನಿಂದ ಚಿಮ್ಮುತ್ತದೆ. ಟಕ್! ರಾಣಿ ಓರೆಯಾಗಿ ಸರಿದು ಎಡಗಡೆ ಬಿತ್ತು. ಓಣಿ ಕೂಗುತ್ತದೆ. ಸ್ಟ್ರೈಕರ್ ಮಾತ್ರ ನಿಲ್ಲಲಿಲ್ಲ. ಫ್ರೇಮಿಗೆ ಬಡಿದು, ಬಂದ ಜೋರಿನಲ್ಲೇ ತಿರುಗಿ, ಬಲ ಪಾಕೆಟ್ಟಿನ ಬಿಳಿಯನ್ನು ಕೆಣಕಿ ಫ್ರೇಮಿನುದ್ದಕ್ಕೂ ತಳ್ಳಿಕೊಂಡು ಹೋಯಿತು.

ಕವರ್ ಹೊಡೆತ ಗುರಿ ಮುಟ್ಟಲಿಲ್ಲ. ರಾಣಿ ನಡುವಿಗೆ ವಾಪಸು.

ಕಾಕಾ ತೋಳು ಏರಿಸುತ್ತಾರೆ. ಒಂದು, ಎರಡು. ಮೂರನೆಯದು ಡಬಲ್, ಎದುರಿನ ಫ್ರೇಮಿಗೆ ಬಡಿದು ಅವರ ಕಡೆಯ ಪಾಕೆಟ್ಟಿಗೇ. ನಾಲ್ಕು. ಕಟ್ಟೆಯ ಮೇಲೆ ಉಸಿರಿಲ್ಲ. ಐದನೆಯದು ಪಾಕೆಟ್ಟಿನ ಎರಡೂ ಮೂಲೆಗೆ ಬಡಿದು ಬಾಯಲ್ಲೇ ನಿಂತಿತು.

"12ರ ಬೋರ್ಡ್ ಇದ್ದಿದ್ರ ಹೋಗ್ತಿತ್ತ ನೋಡ್ರಿ!"

"ನರಗುಂದದ ಮಂದಿ ಎಂದೂ ತಪ್ಪಂಗಿಲ್ಲರಿ, ಬೋರ್ಡ್ ತಪ್ಪತೈತಿ" ಅಂತ ರೋಣದ ಮಾಮಾ ಗಿರ್ಮಿಟ್ ಬಾಯಿಗೆ ಹಾಕಿಕೊಳ್ಳುತ್ತಾರೆ.

ಸ್ಟ್ರೈಕರ್ ನಿಮ್ಮ ಕೈಗೆ. ಉಳಿದ ಕರಿ ಎರಡೇ, ಈ ಬೋರ್ಡಿನಲ್ಲಿ ನಿಮಗೂ ಇನ್ನು 25 ಇಲ್ಲ. ರಾಣಿಯ ಗೊಡವೆಗೆ ಹೋಗದೆ, ಫ್ರೇಮಿಗೆ ಅಂಟಿ ಕುಂತ ಬಿಳಿಯನ್ನು ಸಣ್ಣಗೆ ತಾಗಿಸಿ ಕೆಡವುತ್ತೀರಿ. ಕಾಕಾ ನಗುತ್ತಾ ಪೌಡರ್ ಡಬ್ಬಿ ನಿಮ್ಮತ್ತ ನೂಕುತ್ತಾರೆ. ಇನ್ನೊಂದು ಬೋರ್ಡ್ ಆಡಲೇಬೇಕು.