ಗುರುಗಳ ಲೇಖನಿ

ಮದುರೆಯ ಗಾಂಧಿ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ವಿದ್ಯಾರ್ಥಿಗಳೊಡನೆ ಹೋಗಿದ್ದೆ. 1948ರ ಜನವರಿ 30ರಂದು ಹತರಾದಾಗ ಮಹಾತ್ಮರು ಧರಿಸಿದ್ದ ವಸ್ತ್ರದ ರಕ್ತಸಿಕ್ತ ತುಂಡೊಂದು ಅಲ್ಲಿದೆ. ಅದುವರೆಗೆ ಗದ್ದಲವೆಬ್ಬಿಸುತ್ತಿದ್ದ ಹುಡುಗರು ಅದರ ಮುಂದೆ ತಾವಾಗಿಯೇ ಮೌನ ತಳೆದರು.

ಬಟ್ಟೆಯ ತುಂಡೊಂದಕ್ಕೆ ಈ ಶಕ್ತಿ ಎಲ್ಲಿಂದ ಬಂದಿತು? ಪುಸ್ತಕದಲ್ಲಿ ಓದಿದ ಮಹಾಪುರುಷರು ನಮಗೆ ಬರಿಯ ಹೆಸರು. ಅವರ ಮೈಸೋಕಿದ ವಸ್ತುವನ್ನು ಕಂಡಾಗ, ಅವರೂ ನಮ್ಮಂತೆಯೇ ಉಂಡು, ಉಟ್ಟು, ನೊಂದ ಮನುಷ್ಯರೆಂಬುದು ಮನಸ್ಸಿಗೆ ನಾಟುತ್ತದೆ. ಅವರಿಗೆ ಸಾಧ್ಯವಾದುದು ನಮಗೂ ಸಾಧ್ಯವಾದೀತೆಂಬ ಆಸೆ ಚಿಗುರುತ್ತದೆ.

ಆದರೆ ವಸ್ತುವೇ ಮುಖ್ಯವಾಗಿ ವ್ಯಕ್ತಿ ಮರೆಯಾಗುವುದೂ ಉಂಟು. 2009ರ ಮಾರ್ಚ್ ತಿಂಗಳಲ್ಲಿ ಗಾಂಧೀಜಿಯವರ ಕನ್ನಡಕ, ಪಾದರಕ್ಷೆ, ಗಡಿಯಾರ, ಬಟ್ಟಲು, ತಟ್ಟೆಗಳು ನ್ಯೂಯಾರ್ಕಿನ ಹರಾಜಿನಲ್ಲಿ 18 ಲಕ್ಷ ಡಾಲರಿಗೆ ಮಾರಾಟವಾದವು. ಅಪರಿಗ್ರಹವನ್ನು ಬೋಧಿಸಿದವರ ಸೊತ್ತಿಗೆ ಅಷ್ಟು ಬೆಲೆ! ಪಾನನಿರೋಧವನ್ನು ಸಾರಿದವರ ಬಟ್ಟಲನ್ನು ಕೊಂಡವರು ಭಾರತದ ಒಬ್ಬ ಮದ್ಯೋದ್ಯಮಿ!

ಇದನ್ನು ಕೇಳಿ ನಗುವ ಅಧಿಕಾರ ನನಗಿಲ್ಲ. ನನ್ನ ಗುರುಗಳು ಕೊಟ್ಟಿದ್ದ ಲೇಖನಿಯನ್ನು ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ಕಾಪಾಡಿದೆ. ಪ್ರತಿ ನವರಾತ್ರಿಯಲ್ಲಿಯೂ ಸರಸ್ವತೀಪೂಜೆಯಂದು ಅದಕ್ಕೆ ಕುಂಕುಮವಿಟ್ಟು ಕೈಮುಗಿದೆ. ಹಿಂದುಳಿದ ಹುಡುಗರನ್ನು ಸಂಜೆ ಮನೆಗೆ ಕರೆದು, ಬೇಸರವಿಲ್ಲದೆ ಅವರ ತಪ್ಪುಗಳನ್ನು ತಿದ್ದುತ್ತಿದ್ದವರು ನನ್ನ ಗುರುಗಳು. ಅಂಥ ಹುಡುಗರಲ್ಲಿ ನಾನೂ ಒಬ್ಬ. ಅವರ ಲೇಖನಿಯನ್ನು ಪೂಜಿಸಿದೆ. ಅವರಂತೆ ಒಬ್ಬ ಹುಡುಗನನ್ನಾದರೂ ಮನೆಗೆ ಕರೆಯಲು ನನಗೆ ಬಿಡುವಾಗಲಿಲ್ಲ.

ನಿವೃತ್ತನಾದ ಮೇಲೆ ಆ ಲೇಖನಿಗೆ ಮಸಿ ತುಂಬಿದೆ. ಸಂಜೆ ನೆರೆಮನೆಯ ಬಾಲಕನು ಬರುತ್ತಾನೆ. ಅವನ ಕಾಗುಣಿತವನ್ನು ಅದರಿಂದಲೇ ತಿದ್ದುತ್ತೇನೆ. ಹಳೆಯ ಕುಂಕುಮದ ಕಲೆಯು ಬೆರಳಿಗೆ ಇನ್ನೂ ಅಂಟುತ್ತದೆ.